ದೊಡ್ಡಕ್ಕನ ಪರದೆ

ನನಗೆ ಅಸ್ತವ್ಯಸ್ತ ಅಂದರೆ ಆಗದು. ಮನೆಯಲ್ಲಿ ಚಪ್ಪಲಿಗಳು ಜೋಡಿ ಜೋಡಿಯಾಗಿ ಗೋಡೆಯ ಕಡೆ ಮುಖ ಮಾಡಿ ನಿಂತಿರಬೇಕು, ಡಬ್ಬಗಳ ಮೇಲಿನ ಚೀಟಿಗಳೆಲ್ಲ ಒಂದೇ ಎತ್ತರದಲ್ಲಿರಬೇಕು. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಕಾರ್ಖಾನೆಯವರು ನನಗೆ ಶಿಸ್ತಪ್ಪ ಎಂದು ಹೆಸರಿಟ್ಟಿದ್ದಾರೆ. ಬೆನ್ನ ಹಿಂದೆ ಅಲ್ಲ, ಮುಖದೆದುರೇ ಕರೆಯುತ್ತಾರೆ. ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಔಷಧಿ, ಬಲ್ಬು, ಬಿಸ್ಕತ್ತು, ಏನನ್ನು ತುಂಬಬೇಕಾದರೂ ಪೆಟ್ಟಿಗೆ ನಾವು ಕೊಡುತ್ತೇವೆ. ಅಲ್ಲಿನ ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬನೇ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಐದು ಸರ್ವರ್‌ಗಳಿದ್ದವು. ಒಂದರಲ್ಲಿ ಆರ್ಡರು, ಒಂದರಲ್ಲಿ ದಾಸ್ತಾನು, ಒಂದರಲ್ಲಿ ಸಂಬಳ, ಒಂದರಲ್ಲಿ ಪೆಟ್ಟಿಗೆಗಳ ನಕ್ಷೆ, ಒಂದರಲ್ಲಿ ಹಾಜರಿ. ಐದೂ ದಿನವಿಡೀ ಗೊರಕೆ ಹೊಡೆಯುತ್ತಾ, ತಮ್ಮ ಶಕ್ತಿಯಲ್ಲಿ ಹತ್ತನೇ ಒಂದು ಪಾಲನ್ನೂ ಬಳಸದೆ, ಕೋಣೆಯನ್ನು ಮಾತ್ರ ಕಾಯಿಸುತ್ತಿದ್ದವು. ಇವನ್ನೆಲ್ಲ ತೆಗೆದು ಎರಡೇ ಎರಡು ದೊಡ್ಡ ಯಂತ್ರ ತರೋಣ ಎಂದು ನಾನು ಯಜಮಾನರ ಬೆನ್ನು ಹತ್ತಿ ಒಂದು ವರ್ಷ ಕಾಡಿದ್ದೆ. ಬದಲಾದದ್ದು ಯಾರಿಗೂ ಗೊತ್ತೇ ಆಗಲ್ಲ ಎಂದು ಮಾತು ಕೊಟ್ಟ ಮೇಲೆ ಅವರು ಒಪ್ಪಿದರು. ದೊಡ್ಡ ಮನೆಯೊಂದಕ್ಕೆ ಗೋಡೆ ಹಾಕಿ ಐದು ಬಾಡಿಗೆದಾರರನ್ನು ಇರಿಸಿದಂತೆ, ಆ ಐದು ಸರ್ವರ್‌ಗಳೂ ಆ ಎರಡರ ಒಳಗೇ ವಾಸ ಮಾಡುತ್ತವೆ. ಮೇಜುಗಳ ಮೇಲಿನ ಮೂವತ್ತೆಂಟು ಕಂಪ್ಯೂಟರ್‌ಗಳಿಗೂ ಅದೇ ಗತಿ. ಮೇಜಿನ ಮೇಲೆ ಅಂಗೈಯಗಲದ ಒಂದು ಪುಟ್ಟ ಪೆಟ್ಟಿಗೆ ಮತ್ತು ಪರದೆ ಉಳಿಯುತ್ತದೆ. ನಿಜವಾದ ಕಂಪ್ಯೂಟರ್ ಕೆಳಗಿನ ಕೋಣೆಯಲ್ಲಿ ಓಡುತ್ತದೆ. ಯಾರು ಎಲ್ಲಿ ಕೂತು ತಮ್ಮ ಹೆಸರು ಹೊಡೆದರೂ ಅವರ ಪರದೆ ಅವರಿಗೆ ತೆರೆಯುತ್ತದೆ.

ಕಾರ್ಖಾನೆಯವರೆಲ್ಲ ಮೂಗು ಮುರಿದರು. ಖುಷಿಪಟ್ಟವರು ದೊಡ್ಡಕ್ಕ ಒಬ್ಬರೇ.

ಯಾವ ಆರ್ಡರು ಯಾವ ದಿನ ಯಾವ ಯಂತ್ರಕ್ಕೆ ಹೋಗಬೇಕು ಎಂದು ಹೇಳುವುದು ದೊಡ್ಡಕ್ಕನ ಕೆಲಸ. ಬೆಳಗ್ಗೆ ಎಂಟೂವರೆಗೆ ಮೇಸ್ತ್ರಿ ಅವರ ಕಿಟಕಿಗೆ ಬಂದು "ಅಕ್ಕಾ, ಇವತ್ತು ಯಾವುದು ಮೊದಲು?" ಎಂದು ಕೇಳುತ್ತಾರೆ. ಅಕ್ಕ ಪರದೆ ನೋಡಿ ಮೂರು ಆರ್ಡರು ಹೇಳುತ್ತಾರೆ. ಯಂತ್ರಗಳು ಶುರುವಾಗುವುದು ಆಮೇಲೆಯೇ. ಹನ್ನೊಂದು ವರ್ಷದಲ್ಲಿ ಅವರು ಒಟ್ಟಿಗೆ ಮೂರು ದಿನ ರಜೆ ಹಾಕಿದ್ದು ಒಂದೇ ಸಲ. ಆಗ ಬಲ್ಬಿನ ಪೆಟ್ಟಿಗೆ ಬಿಸ್ಕತ್ತಿನವರಿಗೆ ಹೋಗಿ ಒಂದು ವಾರ ರಾದ್ಧಾಂತವಾಗಿತ್ತು.

"ಅಲ್ಲಪ್ಪಾ, ಮಗಳಿಗೆ ದಿನ ತುಂಬ್ತಾ ಇದೆ," ಎಂದು ಅವರು ಒಂದು ಮಧ್ಯಾಹ್ನ ನನ್ನ ಬಳಿ ಬಂದಿದ್ದರು. "ಚೊಚ್ಚಲು. ಅಳಿಯ ಹಡಗಲ್ಲಿದ್ದಾನೆ, ಇನ್ನೆರಡು ತಿಂಗಳು ಬರೋದಿಲ್ಲ. ನಾನು ಹೋಗದೆ ಇದ್ರೆ ಅವಳ ಹತ್ರ ಒಂದು ಲೋಟ ನೀರು ಕೊಡೋಕೂ ಯಾರೂ ಇಲ್ಲ. ಅಲ್ಲಿ ಕೂತು ನನ್ನ ಪರದೆ ನೋಡಬಹುದಾ?"

"ಚಂದ್ರಲೋಕದಲ್ಲಿ ಕೂತೂ ನೋಡಬಹುದು ಅಕ್ಕಾ."

"ಚಂದ್ರಲೋಕ ಬೇಡ. ಅವಳ ಅಡುಗೆಮನೆಯಿಂದ ಕಂಡ್ರೆ ಸಾಕು."

ಆ ಸಂಜೆಯೇ ಅವರು ಮುಂದಿನ ವಾರದ ಗುರುವಾರದ ರೈಲಿಗೆ ಟಿಕೆಟ್ ಮಾಡಿಸಿದರು.

ಶನಿವಾರ, ಭಾನುವಾರ ಎರಡೂ ದಿನ ನಾನು ಮನೆ ಮುಖ ನೋಡಿದ್ದು ಊಟಕ್ಕೆ, ನಿದ್ದೆಗೆ ಮಾತ್ರ. ಎಲ್ಲ ನೀರು ಕುಡಿದಷ್ಟು ಸುಲಭವಾಗಿ ನಡೆಯಿತು. ಐದು ಸರ್ವರ್‌ಗಳು ಹೊಸ ಮನೆಯಲ್ಲಿ ಕಣ್ಣುಬಿಟ್ಟವು. ಮೂವತ್ತೆಂಟು ಜನರ ಕಡತಗಳನ್ನು ಒಂದೂ ಬಿಡದೆ ನಕಲು ಮಾಡಿದೆ. ಎಲ್ಲರ ಪರದೆಗೂ ಒಂದೇ ಅಚ್ಚು ಮಾಡಿದೆ: ಹಿನ್ನೆಲೆಯಲ್ಲಿ ಕಂಪನಿಯ ಗುರುತು, ಫೋಲ್ಡರ್‌ಗಳೆಲ್ಲ ಹೆಸರಿನ ಕ್ರಮದಲ್ಲಿ ಸಾಲಾಗಿ. ಹಗಲೆಲ್ಲ ಯಾರು ಏನೇ ಕಲಸಿ ಹಾಕಿದರೂ ಮರುದಿನ ಪರದೆ ಮತ್ತೆ ಅಚ್ಚಿನಂತೆಯೇ ತೆರೆಯುತ್ತದೆ. ಹಳೆಯ ಕಂಪ್ಯೂಟರ್‌ಗಳನ್ನು ಸೋಮವಾರ ಗುಜರಿಯವನು ಒಯ್ಯುವವನಿದ್ದ. ಅವುಗಳ ಡಿಸ್ಕ್‌ಗಳನ್ನು ಒಂದಲ್ಲ, ಮೂರು ಸಲ ಅಳಿಸಿದೆ. ಕೆಲಸ ಅಂದರೆ ಹೀಗಿರಬೇಕು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಎಂಟೂ ಮೂವತ್ತಕ್ಕೆ ನಾನು ಬೇಕೆಂದೇ ಕಿಟಕಿಯ ಹತ್ತಿರ ಸುಳಿದಾಡುತ್ತಿದ್ದೆ. ಹೊಗಳಿಕೆ ಬಂದರೆ ಹಿಡಿದುಕೊಳ್ಳಲು ಆಳು ಅಲ್ಲೇ ಇರಬೇಕಲ್ಲ.

"ಅಕ್ಕಾ, ಇವತ್ತು ಯಾವುದು ಮೊದಲು?" ಮೇಸ್ತ್ರಿ ಕೇಳಿದರು.

ದೊಡ್ಡಕ್ಕ ಪರದೆಯನ್ನೇ ನೋಡುತ್ತಿದ್ದರು. ನೂರ ನಲವತ್ಮೂರು ಫೋಲ್ಡರ್‌ಗಳು ಅಕ್ಷರಮಾಲೆಯಂತೆ ಸಾಲು ಹಿಡಿದು ನಿಂತಿದ್ದವು. ನನ್ನ ಕಣ್ಣಿಗೆ ಹಬ್ಬ.

"ಗೊತ್ತಿಲ್ಲ," ಎಂದರು ದೊಡ್ಡಕ್ಕ.

ಹನ್ನೊಂದು ವರ್ಷದಲ್ಲಿ ಆ ಕಿಟಕಿಯಿಂದ ಆ ಮಾತು ಬಂದಿರಲಿಲ್ಲ. ಮೇಸ್ತ್ರಿ ತಮಾಷೆ ಇರಬೇಕೆಂದು ನಕ್ಕು, ಅವರ ಮುಖ ನೋಡಿ ನಗು ನುಂಗಿದರು.

ಆಮೇಲೆ ಗೊತ್ತಾಯಿತು ನಾನೇನು ಮಾಡಿದ್ದೇನೆಂದು. ದೊಡ್ಡಕ್ಕನ ಹಳೆಯ ಪರದೆಯಲ್ಲಿ ಒಂದೊಂದು ಆರ್ಡರಿಗೂ ಒಂದೊಂದು ಫೋಲ್ಡರ್. ಆ ಫೋಲ್ಡರ್ ಪರದೆಯ ಯಾವ ಜಾಗದಲ್ಲಿದೆ ಎಂಬುದೇ ಲೆಕ್ಕ. ಎಡ ಅಂಚಿನಲ್ಲಿದ್ದರೆ ರಟ್ಟು ಇನ್ನೂ ಬಂದಿಲ್ಲ. ಅಲ್ಲಿಂದ ಮುದ್ರಣ, ಕತ್ತರಿ, ಅಂಟು ಎಂದು ಬಲಕ್ಕೆ ಸರಿಯುತ್ತಾ ಹೋಗಿ, ಬಲಗಡೆ ಕೆಳಮೂಲೆಗೆ ಬಂದರೆ ಲಾರಿ. ಮೇಲಿದ್ದಷ್ಟೂ ಅವಸರ. ಒಂದರ ಮೇಲೊಂದು ಕೂತಿದ್ದರೆ ಎರಡೂ ಒಂದೇ ಲಾರಿಯಲ್ಲಿ ಹೋಗಬೇಕು. ಸಾಲು ತಪ್ಪಿ ಸೊಟ್ಟಗೆ ನಿಂತಿದ್ದರೆ ಆ ಗಿರಾಕಿ ಜಗಳಗಂಟ. ಹಿನ್ನೆಲೆಯಲ್ಲಿ ಮಗಳ ಶಾಲೆಯ ದಿನಗಳ ಫೋಟೋ. ಮುಖದ ಮೇಲೆ ಯಾವ ಆರ್ಡರೂ ಕೂರುವಂತಿಲ್ಲ, ಕಿವಿಯ ಪಕ್ಕದಲ್ಲಿರುವವರು ಇನ್ನೂ ಹೂಂ ಅನ್ನದ ಗಿರಾಕಿಗಳು. ಆರ್ಡರಿನ ಸಾಫ್ಟ್‌ವೇರಿನಲ್ಲಿ 'ಆದ್ಯತೆ' ಎಂಬ ಕಾಲಂ ಇತ್ತು, ನಿಜ. ಅದರಲ್ಲಿ ಮಾರಾಟದವರು ಎಲ್ಲ ಆರ್ಡರಿಗೂ 'ತುರ್ತು' ಎಂದೇ ತುಂಬಿಟ್ಟಿದ್ದರು.

ಇಡೀ ಕಾರ್ಖಾನೆಯ ನಡೆ ಆ ಪರದೆಯ ಮೇಲಿತ್ತು. ನಾನು ಅದನ್ನು ಗುಡಿಸಿ ಒರೆಸಿ ಚೊಕ್ಕ ಮಾಡಿದ್ದೆ.

"ಹಳೇ ಕಂಪ್ಯೂಟರ್ ಇನ್ನೂ ಇಲ್ಲೇ ಇದೆಯಲ್ಲ?" ದೊಡ್ಡಕ್ಕ ಕೇಳಿದರು.

"ಇದೆ ಅಕ್ಕಾ."

"ಹಾಗಾದ್ರೆ?"

"ಅಳಿಸಿಬಿಟ್ಟೆ. ಮೂರು ಸಲ."

ಅವರು ಬೈದಿದ್ದರೆ ಎಷ್ಟೋ ಮೇಲಿತ್ತು. ಫೋನು ತೆಗೆದು ಮಗಳಿಗೆ ಹಚ್ಚಿದರು. "ಇಲ್ಲ ಕಣೇ, ಈ ವಾರ ಆಗೋ ಹಾಗೆ ಕಾಣಲ್ಲ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಟ್ಟಿರು… ಅಳಬೇಡ, ಅಳಬೇಡ ಪುಟ್ಟಾ." ಫೋನಿಟ್ಟು ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸಿದರು, ಬಹಳ ಹೊತ್ತು ಒರೆಸಿದರು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಯಂತ್ರಗಳು ನಿಂತದ್ದಕ್ಕೆ ಅಷ್ಟು ನಾಚಿಕೆಯಾಗಲಿಲ್ಲ. ಆ ಹುಡುಗಿ ಫೋನಿನ ಆ ಕಡೆ ಅತ್ತದ್ದಕ್ಕೆ ಆಯಿತು.

ಯಜಮಾನರು ಬರುವ ಮೊದಲೇ ಏನಾದರೂ ಮಾಡಬೇಕಿತ್ತು. ಸಭೆಯ ಕೋಣೆಯಲ್ಲಿ ಪ್ರೊಜೆಕ್ಟರ್ ಹಚ್ಚಿ ದೊಡ್ಡಕ್ಕನ ಪರದೆಯನ್ನು ಗೋಡೆಯ ಮೇಲೆ ಬಿಟ್ಟೆ. "ಅಕ್ಕಾ, ಕಣ್ಣು ಮುಚ್ಚಿ. ಶುಕ್ರವಾರ ಸಂಜೆ ಹೇಗಿತ್ತು, ಜ್ಞಾಪಕ ಇದ್ದಷ್ಟು ಹೇಳಿ. ನಾನು ಒಂದೊಂದಾಗಿ ಇಡ್ತೀನಿ."

"ಹಾಗೆಲ್ಲ ಹೇಳೋಕೆ ಬರಲ್ಲಪ್ಪಾ. ನೋಡಿದ್ರೆ ಗೊತ್ತಾಗುತ್ತೆ, ಅಷ್ಟೇ."

"ಒಂದು ಹೇಳಿ ಸಾಕು."

ಅವರು ಕಣ್ಣು ಮುಚ್ಚಿದರು. "ಕೆಮ್ಮಿನ ಔಷಧಿ. ಮೇಲ್ಗಡೆ, ಕತ್ತರಿ ಹತ್ರ."

ಇಟ್ಟೆ. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ತಲೆಯಾಡಿಸಿದರು. "ಅಕ್ಕಾ, ಅದು ಶುಕ್ರವಾರ ಮಧ್ಯಾಹ್ನವೇ ಕತ್ತರಿ ಮುಗಿಸಿ ಅಂಟಿಗೆ ಹೋಯ್ತು."

"ಹೌದಾ? ನನಗೆ ಯಾರು ಹೇಳಿದ್ರು?"

"ಹೇಳೋಣ ಅಂತ ಬಂದೆ, ನೀವು ಫೋನಲ್ಲಿ ಯಾರ ಜೊತೆಗೋ ಜಗಳ ಆಡ್ತಿದ್ರಿ."

ಅಲ್ಲಿಂದ ಶುರುವಾಯಿತು. ಅಂಟಿನ ವಿಭಾಗದ ಹೆಂಗಸನ್ನು ಕೂಗಿ ಕರೆದೆವು, ಲಾರಿ ತುಂಬಿಸುವವರನ್ನು ಕರೆದೆವು. ಒಬ್ಬರು ಎಡ ಅಂದರೆ ಇನ್ನೊಬ್ಬರು ಬಲ ಅನ್ನುವರು. ದೊಡ್ಡಕ್ಕ ಮೊದಮೊದಲು ಜಾಗ ಮಾತ್ರ ಹೇಳುತ್ತಿದ್ದರು. ಆಮೇಲೆ ಯಾಕೆ ಆ ಜಾಗ ಎಂದೂ ಹೇಳತೊಡಗಿದರು, ಹೇಳದಿದ್ದರೆ ಈ ಮಂದಿ ಬಿಡುತ್ತಿರಲಿಲ್ಲ. ಬಲ್ಬಿನವರ ಗೋದಾಮು ಮಧ್ಯಾಹ್ನ ಎರಡರ ಮೇಲೆ ಬಾಗಿಲು ತೆರೆಯದು. ಬಿಸ್ಕತ್ತಿನವರು ಹತ್ತು ದಿನ ಮೊದಲೇ ಅವಸರಪಡಿಸುತ್ತಾರೆ, ನಂಬಬಾರದು. ಆಟಿಕೆಯವರು ಕೇಳುವುದೇ ಇಲ್ಲ, ಅವರನ್ನು ಮರೆತರೆ ಪಾಪ.

"ಅಕ್ಕಾ, ಇದನ್ನ ಯಾಕೆ ಸೊಟ್ಟ ಇಡಿಸಿದ್ರಿ? ಇವರು ಜಗಳ ಆಡಿದ್ದು ನಾನು ನೋಡೇ ಇಲ್ಲ," ಎಂದಳು ಅಂಟಿನ ಹೆಂಗಸು.

"ಅವರು ಆಡಲ್ಲಮ್ಮ. ಅವರನ್ನ ಕಂಡ್ರೆ ನನಗೇ ಆಗಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡಕ್ಕನೂ ನಕ್ಕರು, ಅಂದು ಮೊದಲ ಬಾರಿಗೆ. ಒಂದೂವರೆಗೆ ನೂರ ನಲವತ್ಮೂರನೆಯ ಫೋಲ್ಡರ್ ತನ್ನ ಜಾಗ ಸೇರಿತು. ಹನ್ನೆರಡಕ್ಕೆ ಹೊರಡಬೇಕಿದ್ದ ಲಾರಿ ಎರಡೂವರೆಗೆ ಹೊರಟಿತು. ಯಜಮಾನರು ನನ್ನನ್ನು ಕರೆದು, "ಯಾರಿಗೂ ಗೊತ್ತೇ ಆಗಲ್ಲ ಅಂದಿದ್ದೆಯಲ್ಲ?" ಎಂದರು.

ಸಂಜೆಯೊಳಗೆ ನಾನು ಅಚ್ಚನ್ನು ಬದಲಿಸಿದೆ. ದೊಡ್ಡಕ್ಕನ ಪರದೆ ಅವರು ಬಿಟ್ಟುಹೋದಂತೆಯೇ ಉಳಿಯಬೇಕು, ಮೇಸ್ತ್ರಿಯ ಮೇಜಿನಲ್ಲೂ ಅದೇ ಪರದೆ ತೆರೆಯಬೇಕು, ಮಗಳ ಫೋಟೋ ಸಮೇತ. ದೊಡ್ಡಕ್ಕನನ್ನು ಯಂತ್ರಗಳ ಸದ್ದಿನ ನಡುವೆ ಮೇಸ್ತ್ರಿಯ ಮೇಜಿಗೆ ಕರೆದೊಯ್ದು ಕೂರಿಸಿ, "ನಿಮ್ಮ ಹೆಸರು ಹೊಡೀರಿ," ಎಂದೆ. ಹೊಡೆದರು. ಪರದೆ ತೆರೆಯಿತು.

"ಅಯ್ಯೋ, ಇಲ್ಲೂ ನಾನೇ ಇದ್ದೀನಲ್ಲ!" ಎಂದು ಬಾಯಿಗೆ ಕೈ ಹಚ್ಚಿದರು.

"ಹೀಗೇ ಮಗಳ ಮನೇಲೂ. ಗುರುವಾರ ಹೊರಡಿ ಅಕ್ಕಾ."

"ಪರದೆ ಬರುತ್ತೆ, ಒಪ್ಪಿದೆ. ನಿನ್ನ ಮೇಲೆ ನಂಬಿಕೆ ಬರಬೇಕಲ್ಲ?" ಎಂದರು. ನೇರವಾಗಿ ನಾಟಿತು. ನಾಟಬೇಕಾದ್ದೇ.

ಮಂಗಳವಾರ ಬೆಳಗ್ಗೆ ಎಲ್ಲ ಫೋಲ್ಡರ್‌ಗಳೂ ಅವರು ಬಿಟ್ಟಲ್ಲೇ ಇದ್ದವು. ದೊಡ್ಡಕ್ಕ ಒಂದೊಂದನ್ನೂ ಬೆರಳಿಟ್ಟು ನೋಡಿ ಹೂಂ ಅಂದರು. ಆದರೆ ಟಿಕೆಟಿನ ಮಾತೆತ್ತಲಿಲ್ಲ. ಅವರನ್ನು ಕಾಡುತ್ತಿದ್ದದ್ದು ನನ್ನ ಸರ್ವರ್ ಅಲ್ಲವೆಂದು ಆಗ ನನಗೆ ಹೊಳೆಯಿತು. ಹೋಗಿ ಮೇಸ್ತ್ರಿಯ ಕಿವಿಯಲ್ಲಿ ಒಂದು ಮಾತು ಹಾಕಿದೆ.

ಬುಧವಾರ ಎಂಟೂವರೆಗೆ ಮೇಸ್ತ್ರಿ ಕಿಟಕಿಗೆ ಬಂದರು. ಎಂದಿನ ಪ್ರಶ್ನೆ ಕೇಳಲಿಲ್ಲ. "ಅಕ್ಕಾ, ಇವತ್ತು ಮೊದಲು ಔಷಧಿ. ಆಮೇಲೆ ಬಲ್ಬು, ಎರಡರ ಒಳಗೆ ಮುಟ್ಟಬೇಕು. ಮೂರನೇದು ಬಿಸ್ಕತ್ತು," ಎಂದರು.

ದೊಡ್ಡಕ್ಕ ಪರದೆ ನೋಡಿದರು, ಮೇಸ್ತ್ರಿಯನ್ನು ನೋಡಿದರು. "ಮೂರನೇದು ತಪ್ಪು."

ಮೇಸ್ತ್ರಿ ತಲೆ ಕೆರೆದುಕೊಂಡು ಬಗ್ಗಿ ಪರದೆ ನೋಡಿದರು. "ಬಿಸ್ಕತ್ತಿನವರು ಸುಮ್ಮನೆ ಅವಸರ ಮಾಡ್ತಿದ್ದಾರೆ. ಆಟಿಕೆ. ಆಟಿಕೆಯವರು ಕೇಳಲ್ಲ, ಪಾಪ."

"ಹೂಂ," ಎಂದರು ದೊಡ್ಡಕ್ಕ. ಆಮೇಲೆ ಕುರ್ಚಿಗೆ ಒರಗಿಕೊಂಡರು. ಹನ್ನೊಂದು ವರ್ಷದಲ್ಲಿ ಅವರು ಆ ಕುರ್ಚಿಗೆ ಬೆನ್ನು ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಗುರುವಾರ ಅವರು ಹೊರಟರು. ಚೀಲದಲ್ಲಿ ನಾನು ಸಜ್ಜು ಮಾಡಿಕೊಟ್ಟ ಟ್ಯಾಬ್ಲೆಟ್, ಜೊತೆಗೆ ದಪ್ಪಕ್ಷರದಲ್ಲಿ ಬರೆದ ಒಂದು ಹಾಳೆ: ಮೊದಲು ಇಲ್ಲಿ ಒತ್ತಿ, ಆಮೇಲೆ ಇಲ್ಲಿ. ನನ್ನ ಮೇಜಿನಲ್ಲಿ ಯಾರ್ಯಾರು ಎಲ್ಲೆಲ್ಲಿಂದ ಒಳಗೆ ಬಂದಿದ್ದಾರೆಂದು ತೋರಿಸುವ ಪಟ್ಟಿಯೊಂದಿದೆ. ಶುಕ್ರವಾರ ಬೆಳಗ್ಗೆಯಿಂದ ಆ ಪಟ್ಟಿಯ ಮೇಲೇ ಕಣ್ಣಿಟ್ಟು ಕೂತೆ. ದೊಡ್ಡಕ್ಕನ ಹೆಸರಿನ ಮುಂದೆ ಹಸಿರು ಚುಕ್ಕೆ ಬರಲಿಲ್ಲ. ಶನಿವಾರವೂ ಇಲ್ಲ. ಭಾನುವಾರ ಮಗು ಹುಟ್ಟಿತೆಂದು ಮೇಸ್ತ್ರಿಗೆ ಸುದ್ದಿ ಬಂತು, ಹೆಣ್ಣು, ತಾಯಿ ಮಗು ಇಬ್ಬರೂ ಆರಾಮ. ಸೋಮವಾರ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮಂಗಳವಾರ, ಬುಧವಾರ ಲಾರಿಗಳು ಹನ್ನೆರಡಕ್ಕೆ ಹೊರಟವು. ಚುಕ್ಕೆ ಮಾತ್ರ ಬೂದು ಬಣ್ಣದಲ್ಲೇ ಉಳಿಯಿತು.

ನನಗೆ ಒಳಗೊಳಗೇ ಬೇಸರ. ಚಂದ್ರಲೋಕದಿಂದಲೂ ಕಾಣುವಂತೆ ಮಾಡಿಟ್ಟದ್ದನ್ನು ಅಡುಗೆಮನೆಯಿಂದಲೂ ಯಾರೂ ನೋಡುತ್ತಿಲ್ಲ. ಹಾಳೆಯಲ್ಲಿ ಏನಾದರೂ ತಪ್ಪು ಬರೆದೆನೋ, ಅಲ್ಲಿ ನೆಟ್ ಸರಿಯಿಲ್ಲವೋ ಎಂದು ತಲೆ ಕೆಡಿಸಿಕೊಂಡು ಗುರುವಾರ ಬೆಳಗ್ಗೆ ಫೋನು ಮಾಡಿಯೇಬಿಟ್ಟೆ.

"ಮೆಲ್ಲಗೆ ಮಾತಾಡು," ಎಂದರು ದೊಡ್ಡಕ್ಕ ಪಿಸುದನಿಯಲ್ಲಿ. "ಈಗ ತಾನೇ ತೊಡೆ ಮೇಲೆ ಮಲಗಿದೆ."

"ಅಕ್ಕಾ, ಒಂದು ವಾರ ಆಯ್ತು, ನೀವು ಒಂದು ಸಲಾನೂ ಒಳಗೆ ಬಂದಿಲ್ಲ. ಪರದೆ ತೆರೀತಿಲ್ವಾ?"

"ತೆರೆಯುತ್ತೋ ಇಲ್ಲವೋ, ನನಗೇನು ಗೊತ್ತು? ನಾನು ಚೀಲದಿಂದ ತೆಗೆದೇ ಇಲ್ಲ." ಮಗುವನ್ನು ಮೆಲ್ಲಗೆ ತಟ್ಟುವ ಸದ್ದು ಕೇಳಿಸಿತು. "ಲಾರಿ ನಿಂತಿದ್ಯಾ?"

"ಇಲ್ಲ."

"ಮೇಸ್ತ್ರಿ ಏನಾದ್ರೂ ತಪ್ಪು ಮಾಡಿದ್ರಾ?"

"ಇಲ್ಲ ಅಕ್ಕಾ."

"ಮತ್ತೆ ನನ್ನಿಂದ ಏನಾಗಬೇಕು ಹೇಳಪ್ಪಾ?"

"ಏನಿಲ್ಲ," ಎಂದೆ. ಹಾಗೆನ್ನುವಾಗ ಎಷ್ಟು ಸಂತೋಷವಾಯಿತೆಂದರೆ, ಇನ್ನೊಮ್ಮೆ ಹೇಳಿದೆ. "ಏನೂ ಆಗಬೇಕಾಗಿಲ್ಲ ಅಕ್ಕಾ."