ಹನ್ನೆರಡನೆಯ ದಿನದ ಸಾಲು

"ಕೊನೇ ಪುಟದಲ್ಲಿ ನಿನ್ನದೊಂದು ಸಹಿ, ಅಷ್ಟೇ," ಎನ್ನುತ್ತ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಕಾಲಿಲೊಂಬೆ ಅಂಗೈಯಲ್ಲಿದ್ದ ಶೇಂಗಾ ಸಿಪ್ಪೆಯನ್ನು ಊದಿದರು. "ಐದು ಗಂಟೆಗೆ ಗಡುವು. ತನ್ನ ಹೆಸರನ್ನ ತಾನೇ ಸೂಚಿಸೋ ಹಾಗಿಲ್ಲ ಅಂತ ಪ್ರಶಸ್ತಿ ಕೊಡೋ ಸಂಘದ ನಿಯಮ. ಇಲ್ದಿದ್ರೆ ನಿಂಗ್ಯಾಕೆ ತೊಂದರೆ ಕೊಡ್ತಿದ್ದೆ?"

ಸಮೀಕ್ಷೆಯ ಹುಡುಗಿಯರಿಗೆ ತರಬೇತಿ ಕೊಡುವ ಲುಸುಂಗು ಪತ್ರ ಓದಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು. ಇದು ಅವಳೇ ಟೈಪಿಗೆ ಕೊಟ್ಟಿದ್ದ ಪತ್ರ. ಮೂರು ಭಾನುವಾರ ಚರ್ಚಿಗೂ ಹೋಗದೆ ಕೂತು ಬರೆದದ್ದು. ಮೂವತ್ತು ವರ್ಷ ಸರೋವರದ ದಂಡೆಯ ಹಳ್ಳಿಗಳಲ್ಲಿ ಮನೆಮನೆ ತಿರುಗಿ, ಹುಟ್ಟಿದ ಮಕ್ಕಳೆಷ್ಟು, ಸತ್ತ ಮಕ್ಕಳೆಷ್ಟು ಎಂಬ ಲೆಕ್ಕವನ್ನು ಈ ಸಮೀಕ್ಷಾ ಕೇಂದ್ರಕ್ಕೆ ತಂದುಕೊಟ್ಟ ಮೇಲ್ವಿಚಾರಕಿ ಎಸ್ನಾತ್ ಗೊಂಡ್ವೆಗೆ ಖಂಡಮಟ್ಟದ ಅಂಕಿಸಂಖ್ಯಾ ಪ್ರಶಸ್ತಿ ಕೊಡಿ ಎಂದು ಬರೆದದ್ದು. ಎಸ್ನಾತ್ ಅಂತ ಇದ್ದಲ್ಲೆಲ್ಲ ಈಗ ಕಾಲಿಲೊಂಬೆ. ಬಾತ ಕಾಲಲ್ಲಿ ಚಿಲುಂಬಾದ ಗುಡ್ಡ ಹತ್ತಿದ್ದೂ ಅವರೇ, ದೋಣಿ ಮಗುಚಿದಾಗ ಭರ್ತಿ ಮಾಡಿದ ನಮೂನೆಗಳ ಕಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದು ದಡ ಸೇರಿದ್ದೂ ಅವರೇ. ಕಾರಿನಿಂದ ಇಳಿದರೆ ಮೊದಲು ಬೂಟು ಒರೆಸಿಕೊಳ್ಳುವ ಗಿರಾಕಿ!

"ಸಾರ್, ಇದು ಎಸ್ನಾತ್ ಅಮ್ಮನ ಕೆಲಸ."

"ಯಾರ ಕೈಕೆಳಗೆ ನಡೀತು ಕೆಲಸ? ಒಂದು ಸಂಸ್ಥೆಗೆ ಒಂದೇ ಹೆಸರು ಅಂತಾರೆ. ಡಿಗ್ರಿ ಇಲ್ಲದ ಹೆಂಗಸನ್ನ ಕಳಿಸಿದ್ರೆ ನಮ್ಮನ್ನೇ ನೋಡಿ ನಗ್ತಾರೆ. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ! ನೌಕರಿಯಲ್ಲಿ ಇರುವವರಿಗೆ ಮಾತ್ರ ಆ ಪ್ರಶಸ್ತಿ. ಎಸ್ನಾತ್ ನಿವೃತ್ತಿಗೆ ಇನ್ನು ಎರಡೇ ತಿಂಗಳು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತಲ್ಲ ಎಂದುಕೊಂಡಳು ಲುಸುಂಗು. ಪತ್ರವನ್ನು ಮುಖಕ್ಕೆ ಬಿಸಾಡಬೇಕು ಅನ್ನುವಾಗಲೇ ಎರಡನೆಯ ಪುಟದ ನಡುವೆ ಆ ಸಾಲು ಕಣ್ಣಿಗೆ ಬಿತ್ತು.

'ಸಮೀಕ್ಷೆಯ ನಡುವೆಯೇ ಹೆರಿಗೆಯಾಗಿ, ಹನ್ನೆರಡನೆಯ ದಿನ ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಡಾಕ್ಟರ್ ಕಾಲಿಲೊಂಬೆ ಮತ್ತೆ ಕೆಲಸಕ್ಕೆ ಹಾಜರಾದರು.'

ಟೈಪಿಸ್ಟ್ ಬರೀ ಹೆಸರು ಬದಲಾಯಿಸಿದ್ದಾಳೆ. ಈ ಮಹಾಶಯರು ಓದಿಯೂ ಇಲ್ಲ. ಓದದೆ ಸಹಿ ಮಾಡುವುದು ಇವರಿಗೆ ಹೊಸದೇನಲ್ಲ.

"ಟೀ ಕುಡಿದು ಬಂದು ಹಾಕ್ತೀನಿ ಸಾರ್," ಎಂದು ಪತ್ರ ಹಿಡಿದು ಲುಸುಂಗು ಎದ್ದಳು. ಬಾಯಿ ಮುಚ್ಚಿಕೊಂಡು ಸಹಿ ಹಾಕಿದರೆ ಸಾಕು, ಖಂಡವೆಲ್ಲ ಬಿದ್ದು ಬಿದ್ದು ನಗುತ್ತದೆ. ಮರ್ಯಾದೆ ಹರಾಜಾಗಲಿ ಮುದುಕನದು.

ಜಗಲಿಯಲ್ಲಿ ಎಸ್ನಾತ್ ಬೇಯಿಸಿದ ಮರಗೆಣಸು ತಿನ್ನುತ್ತ ನಮೂನೆ ತಿದ್ದುತ್ತಿದ್ದಳು. ಲುಸುಂಗು ಪಕ್ಕದಲ್ಲಿ ಕುಕ್ಕರಿಸಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ಈ ಸಾಲು ಓದಿ ಅಮ್ಮಾ. ನಮ್ಮ ಯಜಮಾನರು ಹೆತ್ತಿದ್ದಾರೆ!"

ಎಸ್ನಾತ್ ಕನ್ನಡಕ ಏರಿಸಿ ಓದಿದಳು. ನಗಲಿಲ್ಲ.

"ಇದನ್ನ ನಿಂಗ್ಯಾರು ಹೇಳಿದ್ದು?"

"ಡ್ರೈವರ್ ಮಾಂಡಾ."

"ಮಾಂಡಾ ಹೇಳ್ದ, ನೀನು ಬರೆದೆ. ಹುಡುಗೀರಿಗೆಲ್ಲ ತರಬೇತಿ ಕೊಡೋಳು ನೀನು. ಹೆರಿಗೆ ಆಯ್ತು ಅಂತ ಹೆಂಗಸು ಹೇಳಿದ ಮೇಲೆ ಮುಂದಿನ ಪ್ರಶ್ನೆ ಯಾವುದು, ಹೇಳು?"

ಅದು ಲುಸುಂಗುವಿಗೆ ಬಾಯಿಪಾಠವಾಗಿದ್ದ ಪ್ರಶ್ನೆ. ಆ ಮಗು ಈಗ ಬದುಕಿದೆಯಾ? ಕೇಳಲು ಸಂಕೋಚಪಟ್ಟು ಹಾಗೇ ಬಂದ ಹುಡುಗಿಯರನ್ನು ಎಷ್ಟು ಸಲ ಅವಳೇ ಬೈದು ಬಿಸಿಲಲ್ಲಿ ವಾಪಸು ಅಟ್ಟಿದ್ದಳೋ.

"ಎಂಟು ತಿಂಗಳು ಇದ್ಲು. ವಿತುಂಬಿಕೊ ಅಂತ ಹೆಸರಿಟ್ಟಿದ್ದೆ." ಎಸ್ನಾತಳ ದನಿ ಏರಿತು. "ಗುಡ್ಡ ಬೇಕಾ ಅವನಿಗೆ, ತಗೊಳ್ಳಲಿ. ದೋಣಿ ಬೇಕಾ, ಅದನ್ನೂ ತಗೊಳ್ಳಲಿ. ನನ್ನ ಕೂಸನ್ನ ಮುಂದಿಟ್ಕೊಂಡು ಯಾರೂ ನಗಕೂಡದು. ಅವನ ಮೇಲೆ ಸೇಡು ತೀರಿಸ್ಕೊಳ್ಳೋಕೆ ನಿಂಗೆ ನನ್ನ ಮಗೂನೇ ಬೇಕಿತ್ತಾ?"

"ತಪ್ಪಾಯ್ತಮ್ಮಾ. ಕೇಳಬೇಕಿತ್ತು."

"ಕೇಳಬೇಕಿತ್ತು." ಎಸ್ನಾತ್ ಪತ್ರವನ್ನು ಅವಳ ಮಡಿಲಿಗೆ ಹಾಕಿದಳು. "ಆಸೆ ಇರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ನೀನು ಪ್ರಶಸ್ತಿ ವಿಷಯ ಹೇಳಿದ ಸಂಜೆನೇ ಪೇಟೆಗೆ ಹೋಗಿ ಹೊಸ ಬಟ್ಟೆ ತಂದು ಹೊಲಿಯೋಕೆ ಕೊಟ್ಟೆ. ಹೋಗು, ಆ ಸಾಲು ತೆಗೆಸು."

ತೆಗೆಸಿದರೆ ಪತ್ರ ಚೊಕ್ಕವಾಗುತ್ತದೆ, ಪ್ರಶಸ್ತಿ ಕಾಲಿಲೊಂಬೆಯ ಪಾಲಾಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ಲುಸುಂಗು ಒಳಗೆ ಹೋದಳು. "ನಾನು ಸಹಿ ಹಾಕಲ್ಲ ಸಾರ್. ಇದು ಕಳ್ಳತನ. ಬೇರೆ ಯಾರೇ ಹಾಕಲಿ, ಈ ಒಂದು ಸಾಲು ಮಾತ್ರ ಹೋಗಬೇಕು."

ಕಾಲಿಲೊಂಬೆ ಮುಖ ಗಂಟಿಕ್ಕಿದರು. "ನಿನ್ನ ಬಡ್ತಿ ಕಾಗದ ಇಲ್ಲೇ ನನ್ನ ಮೇಜಿನ ಮೇಲಿದೆ, ಗೊತ್ತಾ?"

"ಇಲ್ಲೇ ಇರಲಿ."

ಅವರು ಆ ಸಾಲು ಓದಿದರು. ಒಂದು ಗಳಿಗೆ ಬೆಪ್ಪಾದರು, ಆಮೇಲೆ ಹೊಟ್ಟೆ ಕುಣಿಸುತ್ತ ನಕ್ಕರು. "ಅಯ್ಯೋ ದೇವರೇ ಅನ್ನೋ ಹಾಗಾಯ್ತಲ್ಲ! ಒಳ್ಳೇದಾಯ್ತು, ಮಾನ ಉಳಿಸಿದೆ ಮಾರಾಯ್ತಿ!"

"ನಗಬೇಡಿ!" ಲುಸುಂಗು ಕೂಗಿದ ರಭಸಕ್ಕೆ ಹೊರಗಿನ ಟೈಪಿಂಗ್ ಸದ್ದು ನಿಂತಿತು. ಕಾಲಿಲೊಂಬೆಯ ನಗು ಅರ್ಧಕ್ಕೇ ಉಳಿಯಿತು. ಲೆಕ್ಕಪತ್ರದವನನ್ನು ಸಹಿಗೆ ಕರೆಯಲು ಅವರು ಫೋನಿಗೆ ಕೈಹಾಕಿದರು.

ಅವಳು ಹೊರಗೆ ಬಂದು ಟೈಪಿಸ್ಟಳ ಬೆನ್ನ ಹಿಂದೆ ನಿಂತಳು. "ತೆಗಿ. ನನ್ನ ಕಣ್ಣೆದುರೇ ತೆಗಿ." ಹುಡುಗಿ ಹೆದರುತ್ತ ಕಂಪ್ಯೂಟರಿನ ಒಂದು ಗುಂಡಿ ಒತ್ತಿ ಹಿಡಿದಳು. ಅಕ್ಷರಗಳು ಕೊನೆಯಿಂದ ಒಂದೊಂದಾಗಿ ಅಳಿಯುತ್ತ ಬಂದವು. ಕೆಲಸ, ಬೆನ್ನು, ಎಳೆಗೂಸು, ಹನ್ನೆರಡನೆಯ ದಿನ. ಸಾಲು ಪೂರ್ತಿ ಹೋದ ಮೇಲೆ ಕೆಳಗಿನ ಸಾಲುಗಳು ಮೇಲಕ್ಕೆ ಸರಿದು ಆ ಜಾಗವನ್ನು ತುಂಬಿಕೊಂಡವು.