ವೀಣ ಬರೆದಿಟ್ಟ ಪುಟ

ಮಳವಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಾಕಿರ್‌ನ ಕಂಪ್ಯೂಟರ್ ಅಂಗಡಿ. ರಿಪೇರಿಯ ಜೊತೆಗೆ ಸುತ್ತಮುತ್ತಲಿನ ಶಾಲೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವುದೂ ಅವನ ಕೆಲಸ. ಹೈಸ್ಕೂಲಿನಲ್ಲಿ ಅವನಿಗೆ ಕನ್ನಡ ಕಲಿಸಿದ್ದ ಮಹದೇವ ಮೇಷ್ಟ್ರು ನಿವೃತ್ತಿಯಾದ ಮೇಲೆ ತಮ್ಮೂರು ಬೆಳಕವಾಡಿಯ ಹೆಸರಲ್ಲೊಂದು ವೆಬ್‌ಸೈಟ್ ಬೇಕೆಂದಾಗ ಅದನ್ನು ಕಟ್ಟಿಕೊಟ್ಟವನೂ ಅವನೇ.

ಆ ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಫೋನ್ ಮಾಡಿದಾಗ ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ವೆಬ್‌ಸೈಟಿನಲ್ಲಿ ಬರೆಯುವ ಜಾಗವೇ ಕಾಣುತ್ತಿಲ್ಲ, ಅಕ್ಷರ ದಪ್ಪ ಮಾಡುವ, ಫೋಟೊ ಸೇರಿಸುವ ಬಟನ್‌ಗಳೆಲ್ಲ ಮಾಯವಾಗಿ ಬರೀ ಬಿಳಿ ಚೌಕ ಉಳಿದಿದೆ ಎಂದರು. ಬರೆಯಲು ನೆರವಾಗುವ ಎಡಿಟರ್ ಪ್ಲಗಿನ್ ಹಿಂದಿನ ದಿನ ತಾನಾಗಿಯೇ ಅಪ್‌ಡೇಟ್ ಆಗಿದ್ದುದು ಶಾಕಿರ್‌ಗೆ ಗೊತ್ತಿತ್ತು. ಹಳೆಯ ಫೈಲುಗಳು ಬ್ರೌಸರಿನಲ್ಲಿ ಕೂತಿರಬೇಕು ಅಂದುಕೊಂಡ. ದಿನಕ್ಕೆ ಹತ್ತು ಜನಕ್ಕೆ ಹೇಳುವುದನ್ನೇ ಅವರಿಗೂ ಹೇಳಿದ: ಸೆಟ್ಟಿಂಗ್ಸ್‌ಗೆ ಹೋಗಿ, ಬ್ರೌಸರಿನಲ್ಲಿ ಉಳಿದಿರುವುದನ್ನೆಲ್ಲ ಅಳಿಸಿಬಿಡಿ. ಮೇಷ್ಟ್ರು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಕೊಂಡು, ಎಲ್ಲದಕ್ಕೂ ಗುರುತು ಹಾಕಿ, ಒತ್ತಿದರು. ಚೌಕ ಬಿಳಿಯಾಗಿಯೇ ಉಳಿಯಿತು.

ಮಧ್ಯಾಹ್ನ ಬಿಡುವಾದಾಗ ಶಾಕಿರ್ ಅಂಗಡಿಯಿಂದಲೇ ಆ ಪುಟ ತೆರೆದ. ದೋಷಗಳನ್ನು ತೋರಿಸುವ ಕನ್ಸೋಲಿನ ತುಂಬ ಕೆಂಪು ಸಾಲುಗಳು. ಪುಟವನ್ನು ನಡೆಸುವ ಜಾವಾಸ್ಕ್ರಿಪ್ಟ್ ಒಂದು ಕಡೆ ಮುಗ್ಗರಿಸಿದರೆ ಅದರ ಹಿಂದೆ ಬರಬೇಕಾದ್ದೆಲ್ಲ ನಿಂತುಹೋಗುತ್ತದೆ. ಹಾಗಾಗಿ ಮೊದಲ ಸಾಲನ್ನಷ್ಟೇ ಹಿಡಿದು ಹುಡುಕಿದ. ಎಡಿಟರ್ ಕರೆಯುತ್ತಿದ್ದ ಒಂದು ಫಂಕ್ಷನ್, ಅಂದರೆ ಕೋಡಿನ ತುಣುಕು, ಅದಕ್ಕೆ ಸಿಗುತ್ತಿರಲಿಲ್ಲ. ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದ. ಫೋಟೊ ಗ್ಯಾಲರಿಯನ್ನು ನಿಲ್ಲಿಸಿದೊಡನೆ ಬಟನ್‌ಗಳು ಮರಳಿ ಬಂದವು. ಹೋದ ವರ್ಷ ಆ ಗ್ಯಾಲರಿ ಹಾಕುವಾಗ ಎಡಿಟರಿನ ಇನ್ನೊಂದು ಪ್ರತಿಯನ್ನೂ ಅದರೊಳಗೆ ಸೇರಿಸಿದ್ದವನು ಅವನೇ. ಈಗ ಹೊಸದರ ಮೇಲೆ ಆ ಹಳೆಯದು ಬಂದು ಕೂರುತ್ತಿತ್ತು. ಒಂದು ಸಾಲು ತೆಗೆದ, ಸರಿಯಾಯಿತು. ಮೇಷ್ಟ್ರ ಬ್ರೌಸರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಆ ಕೋಡ್ ಓದುವಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬರೆಯುತ್ತಿರುವುದನ್ನು, ಪ್ರಕಟಿಸುವವರೆಗೂ, ಆ ಎಡಿಟರ್ ಬರೆಯುವವರ ಬ್ರೌಸರಿನಲ್ಲಷ್ಟೇ ಇಟ್ಟುಕೊಳ್ಳುತ್ತಿತ್ತು, ಬೇರೆಲ್ಲೂ ಅಲ್ಲ. ಬೆಳಿಗ್ಗೆ ಶಾಕಿರ್ ಅಳಿಸಲು ಹೇಳಿದ್ದರಲ್ಲಿ ಅದೂ ಸೇರಿತ್ತು. ಫೋನ್ ಮಾಡಿದ.

"ಮೇಷ್ಟ್ರೇ, ಸರಿಯಾಯ್ತು. ಅದ್ರಲ್ಲಿ ಅರ್ಧಂಬರ್ಧ ಬರ್ದು ಬುಟ್ಟಿದ್ದು ಏನಾರ ಇತ್ತಾ?"

"ನಂದೇನಿಲ್ಲ ಕಣಪ್ಪ. ನಮ್ಮ ವೀಣಂದು ಐತೆ. ಅದ್ನ ನೋಡಾನ ಅಂತ್ಲೇ ಇವತ್ತು ತೆಗ್ದಿದ್ದು."

ವೀಣ ಮೇಷ್ಟ್ರ ಹೆಂಡತಿ. ಇಪ್ಪತ್ತೆರಡು ವರ್ಷ ಊರಿನ ಅಂಗನವಾಡಿಯಲ್ಲಿ ಟೀಚರಾಗಿದ್ದವರು. ಗಂಟಲಿನ ಕಾಯಿಲೆಯಿಂದ ಮಾತು ನಿಂತ ಮೇಲೆ, ತಾವು ಆಡಿಸಿದ ಮಕ್ಕಳ ಬಗ್ಗೆ ಬರೆಯತೊಡಗಿದ್ದರು. ಮೂರು ತಿಂಗಳು, ದಿನಾ ಒಂದಿಷ್ಟು. ಗಂಡ ಹಿಂದೆ ಬಂದು ನಿಂತರೆ ಪರದೆಗೆ ಕೈ ಅಡ್ಡ ಇಟ್ಟು, ಮುಗಿದ ಮೇಲೆ ಓದುವಿರಂತೆ ಎಂದು ಸನ್ನೆ ಮಾಡುತ್ತಿದ್ದರು. ಮುಗಿಯುವ ಮೊದಲೇ ತೀರಿಕೊಂಡರು. ಅದನ್ನು ತೆರೆದು ಓದುವ ಧೈರ್ಯ ಮೇಷ್ಟ್ರಿಗೆ ಬಂದದ್ದು ಎರಡು ತಿಂಗಳಾದ ಮೇಲೆ, ಆ ದಿನ.

ಶಾಕಿರ್ ಅಂಗಡಿಗೆ ಬಾಗಿಲು ಹಾಕಿ ಬೈಕಿನಲ್ಲಿ ಬೆಳಕವಾಡಿಗೆ ಹೊರಟ. ತಪ್ಪನ್ನು ಪ್ಲಗಿನ್ ಮೇಲೆ ಹಾಕಿಬಿಡಬಹುದಿತ್ತು, ಮೇಷ್ಟ್ರು ನಂಬುತ್ತಿದ್ದರು. ಜಗುಲಿಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಅಳ್ಸಿ ಅನ್ನಾಕ್ ಮುಂಚೆ ಒಳಗೇನೈತೆ ಅಂತ ಕೇಳ್ಬೇಕಾಗಿತ್ತು ಮೇಷ್ಟ್ರೇ. ಕೇಳ್ನಿಲ್ಲ."

ಮೇಷ್ಟ್ರು ತಮ್ಮ ತೋರುಬೆರಳನ್ನೇ ನೋಡಿಕೊಂಡು, "ಒತ್ತಿದ್ದು ನಾನೇ ಅಲ್ವಾ," ಎಂದರು.

ಅಳಿಸಿದ್ದರ ಚೂರುಪಾರು ಡಿಸ್ಕಿನಲ್ಲಿ ಉಳಿದಿರಬಹುದೆಂದು ಶಾಕಿರ್ ಆ ಕಂಪ್ಯೂಟರನ್ನು ಅಂಗಡಿಗೆ ತಂದ. ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮಂಡ್ಯದಲ್ಲಿ ಅಳಿಸಿಹೋದ ಫೈಲುಗಳನ್ನು ತೆಗೆದುಕೊಡುವ ಜಯಪ್ರಕಾಶ್ ಎಂಬವರ ಬಳಿಗೂ ಹೊತ್ತುಕೊಂಡು ಹೋದ. ಅವರೂ ಕೈಲಾದದ್ದು ಮಾಡಿದರು. ಕೊನೆಗೆ, ಅರ್ಥವಿಲ್ಲದ ಗುರುತುಗಳ ನಡುವೆ ಸಿಕ್ಕಿದ್ದು ಇಷ್ಟು:

'ಅವತ್ತು ಮಗು ಚಪ್ಪಲಿ ಬಿಟ್ಟೇ ಹೋಗಿತ್ತು. ಅವರಮ್ಮ ಬರ್ತಾಳೇನೋ ಅಂತ ನಾನು ಸಾಯಂಕಾಲದ ತನಕ'

ಮೇಷ್ಟ್ರು ಆ ಕಾಗದ ಹಿಡಿದುಕೊಂಡು, ಅಂಗನವಾಡಿಯಲ್ಲಿ ವೀಣ ಅವರ ಜೊತೆ ಅಡುಗೆ ಮಾಡುತ್ತಿದ್ದ ಬೆಟ್ಟಮ್ಮನ ಮನೆಗೆ ಹೋದರು. ಯಾವ ಮಗು ಎಂದು ಕೇಳಿದರು.

"ದಿನಾ ಒಂದು ಮಗ ಚಪ್ಲಿ ಬುಟ್ಟೋಗದು ಮೇಷ್ಟ್ರೇ," ಎಂದಳು ಬೆಟ್ಟಮ್ಮ. "ಯಾವ್ದು ಅಂತ ಏಳ್ಲಿ."

ಮುಂದಿನ ವಾರ ಶಾಕಿರ್ ಕಂಪ್ಯೂಟರನ್ನು ಮೇಷ್ಟ್ರ ಮನೆಗೆ ತಂದು ಜೋಡಿಸಿದಾಗ, ಆ ಒಂದೂವರೆ ಸಾಲನ್ನು ವೆಬ್‌ಸೈಟಿನಲ್ಲಿ ವೀಣಳ ಹೆಸರಲ್ಲೇ ಹಾಕಿಬಿಡು ಎಂದರು ಮೇಷ್ಟ್ರು. ಶಾಕಿರ್ ಟೈಪ್ ಮಾಡಿದ. ತರಗತಿಯಲ್ಲಿ ಒಂದು ಚುಕ್ಕಿ ಬಿಟ್ಟರೂ ಕಿವಿ ಹಿಂಡುತ್ತಿದ್ದವರು ಅವರು. ಅದಕ್ಕೇ ಕೇಳಿದ, ಕೊನೆಗೊಂದು ಪೂರ್ಣವಿರಾಮ ಇಡಲೇ ಎಂದು.

"ಬ್ಯಾಡ ಬುಡು," ಎಂದರು ಮೇಷ್ಟ್ರು. "ಅವ್ಳು ಇಟ್ಟಿಲ್ವಲ್ಲ."

ಶಾಕಿರ್ ಪ್ರಕಟಿಸುವ ಬಟನ್ ಒತ್ತಿದ. ಯಾವ ತಕರಾರೂ ಇಲ್ಲದೆ ಪುಟ ತೆರೆದುಕೊಂಡಿತು.