ಶಾಂತಿ ಸಭೆಗೆ ಮೈಕ್

ಮೇಲಿನ ಬೀದಿಗೂ ಕೆಳಗಿನ ಬೀದಿಗೂ ನಡುವೆ, ಮಾರುಕಟ್ಟೆಯ ಮೂಲೆಯಲ್ಲಿ ಮೈಕಣ್ಣನ ಅಂಗಡಿ. ಮದುವೆಯಾಗಲಿ, ಚುನಾವಣೆಯಾಗಲಿ, ಮೈಕ್ ಸೆಟ್ಟಿಗೆ ಎರಡೂ ಬೀದಿಯವರು ಬರುತ್ತಿದ್ದದ್ದು ಅವನ ಹತ್ತಿರವೇ. ಕಂಬ ಹತ್ತಿ ಹಾರ್ನ್ ಕಟ್ಟುವುದು ತಮ್ಮನ ಕೆಲಸ, ಆಂಪ್ಲಿಫೈಯರ್ ಮುಂದೆ ಕೂರುವುದು ಅಣ್ಣನ ಕೆಲಸ. ತಮ್ಮನಿಗೆ ಮೂವತ್ತು ದಾಟಿದ್ದರೂ ಮನೆಯಲ್ಲಿ ಅವನಿನ್ನೂ 'ಚಿಕ್ಕ'ನೇ. ಅತ್ತಿಗೆಯ ಅಡುಗೆಗೆ ಹೆಸರಿಡುವುದರಲ್ಲಿ ಎತ್ತಿದ ಕೈ. ಬೈಸಿಕೊಂಡು, ನಕ್ಕು, ಎರಡನೇ ಸಲ ಬಡಿಸಿಕೊಂಡೇ ಏಳುತ್ತಿದ್ದ.

ಆ ಚಿಕ್ಕ ಸತ್ತುಹೋದ. ಫುಟ್‌ಬಾಲ್ ಪಂದ್ಯ ಮುಗಿದ ಸಂಜೆ, ಗೆದ್ದವರ ಮೆರವಣಿಗೆಯಲ್ಲಿ ಯಾರದೋ ಗಾಡಿ ಯಾರದೋ ತರಕಾರಿ ಅಂಗಡಿಗೆ ತಾಗಿತು. ಮಾತಿಗೆ ಮಾತು ಬೆಳೆಯಿತು, ಎರಡೂ ಕಡೆಯಿಂದ ಕಲ್ಲು ಬೀಳತೊಡಗಿದವು. ಪಂದ್ಯಕ್ಕೆಂದು ಕಟ್ಟಿದ್ದ ಹಾರ್ನ್ ಎಲ್ಲಿ ಒಡೆದುಹೋಗುತ್ತದೋ ಎಂದು ಚಿಕ್ಕ ಅದನ್ನು ಬಿಚ್ಚಲು ಕಂಬ ಹತ್ತಿದ. ಒಂದು ಕಲ್ಲು ಅವನ ಕಿವಿಯ ಹಿಂದೆ ಬಂದು ಬಿತ್ತು. ಯಾವ ಬೀದಿಯ ಕಲ್ಲು ಎಂದು ಪೊಲೀಸರಿಗೂ ಗೊತ್ತಾಗಲಿಲ್ಲ.

ಮೈಕಣ್ಣ ಅಳಲಿಲ್ಲ. ಬಂದವರೆಲ್ಲ ಹೋದ ಮೇಲೆ ಅಂಗಡಿಯ ಬಾಗಿಲು ತೆಗೆದು ವೈರು ಸುತ್ತುತ್ತ ಕೂತ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಕುದಿಯುವ ಟೀ ಕುಡಿದು ನಾಲಿಗೆ ಸುಟ್ಟದ್ದು ಅವನಿಗೆ ತಿಳಿದದ್ದು ಮರುದಿನ.

"ನಿಮಗೆ ಅಳು ಬರಲ್ವಾ?" ಎಂದು ಹೆಂಡತಿ ಕೇಳಿದಳು. ಅವಳ ಕಣ್ಣು ಊದಿಕೊಂಡಿದ್ದವು.

"ಬರ್ತಿಲ್ಲ."

"ನಿಮ್ಮ ಎದೇಲಿ ಇರೋದು ಕಲ್ಲಾ?"

ಹಾಗೆಂದವಳು ತಾನೇ ತುಟಿ ಕಚ್ಚಿಕೊಂಡು ಒಳಗೆ ಹೋದಳು. ಅವನಿಗೆ ಆ ಮಾತೂ ತಟ್ಟಲಿಲ್ಲ.

ಮಾರುಕಟ್ಟೆಯ ಎರಡೂ ತುದಿಯಲ್ಲಿ ಚಿಕ್ಕನ ಫೋಟೋ ಇದ್ದ ಬ್ಯಾನರ್ ಎದ್ದವು. 'ನಮ್ಮ ಹುಡುಗನ ರಕ್ತಕ್ಕೆ ಉತ್ತರ ಕೊಡುತ್ತೇವೆ' ಎಂದು ಮೇಲಿನ ಬೀದಿಯವರದು. ಕೆಳಗಿನ ಬೀದಿಯವರದೂ ಹೆಚ್ಚುಕಡಿಮೆ ಅದೇ. ಬದುಕಿದ್ದಾಗ ಒಂದು ಟೀ ಕೊಡಿಸಲು ಹಿಂದೆಮುಂದೆ ನೋಡುತ್ತಿದ್ದವರಿಗೆಲ್ಲ ಚಿಕ್ಕ ಈಗ ಒಡಹುಟ್ಟಿದವನಾಗಿಬಿಟ್ಟಿದ್ದ. ಮೈಕಣ್ಣ ದಿನವೂ ಆ ಎರಡು ಮುಖಗಳ ನಡುವೆ ನಡೆದು ಅಂಗಡಿಗೆ ಬರುತ್ತಿದ್ದ.

ಒಂದು ಬೆಳಿಗ್ಗೆ ಮೂವರು ಬಂದರು. ಮಹಿಳಾ ಸಂಘ ನಡೆಸುವ ನಿವೃತ್ತ ಟೀಚರಮ್ಮ, ಎಲ್ಲರೂ 'ಮೀಸೆ' ಎಂದೇ ಕರೆಯುವ ಚಾಲಕರ ಸಂಘದ ಅಧ್ಯಕ್ಷ, ಮತ್ತೆ ಫುಟ್‌ಬಾಲ್ ಕ್ಲಬ್ಬಿನ ಕೋಚ್.

"ಮೂರೂ ಸಂಘ ಸೇರಿ ಶಾಂತಿ ಸಭೆ ಕರ್ದಿದ್ದೀವಪ್ಪ," ಎಂದರು ಟೀಚರಮ್ಮ. "ಎರಡೂ ಬೀದಿಯೋರು ಒಂದೇ ಕಡೆ ಕೂರ್ಬೇಕು. ನೀನು ಬರ್ಬೇಕು."

"ಎಷ್ಟು ಮೈಕ್ ಬೇಕು ಟೀಚರ್?"

ಟೀಚರಮ್ಮ ಮೀಸೆಯ ಮುಖ ನೋಡಿದರು. "ಮೈಕಿಗಲ್ಲಪ್ಪ ಬಂದಿದ್ದು. ನಿನ್ನ ಕರಿಯೋಕೆ."

"ನಾನು ಬಂದ್ರೆ ಅದೂ ಬರುತ್ತೆ. ಒಂದು ಸಾಕಾ?"

"ಸಾಕು," ಎಂದರು ಅವರು ಮೆಲ್ಲಗೆ.

ಬರುವುದಿಲ್ಲ ಎಂದರೆ ಕಾರಣ ಕೊಡಬೇಕಿತ್ತು. ಅದಕ್ಕಿಂತ ಹೋಗುವುದೇ ಸುಲಭವಾಗಿತ್ತು.

ಶಾಲೆಯ ಹಾಲಿನಲ್ಲಿ ಸಭೆ. ಮೊದಲ ದಿನ ಸಮಿತಿಗೆ ಏನು ಹೆಸರಿಡುವುದೆಂದೇ ಜಗಳ. ಮೀಸೆ ಮೇಜು ಕುಟ್ಟಿ ಕುಟ್ಟಿ "ಶಾಂತಿ! ಶಾಂತಿ!" ಎಂದು ಅಬ್ಬರಿಸಿದಾಗ ಹಿಂದೆ ಕೂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಹಾಗೂ ಹೀಗೂ ಕೆಲವು ತೀರ್ಮಾನಗಳಾದವು. ಬ್ಯಾನರ್ ಇಳಿಸಬೇಕು. ಏನೇ ಸುದ್ದಿ ಬಂದರೂ ನಂಬುವ ಮೊದಲು ಆಚೆ ಬೀದಿಯವರಿಗೆ ಫೋನ್ ಮಾಡಿ ಕೇಳಬೇಕು. ಗಲಾಟೆಯ ವಾಸನೆ ಬಂದರೆ ಮೂರೂ ಸಂಘದವರು ಮಾರುಕಟ್ಟೆಗೆ ಬಂದು ನಡುವೆ ನಿಲ್ಲಬೇಕು, ಬರಿಗೈಯಲ್ಲಿ. ಮೈಕಣ್ಣ ಮೂಲೆಯಲ್ಲಿ ಕೂತು ಸೌಂಡ್ ಹೆಚ್ಚುಕಡಿಮೆ ಮಾಡಿದ. ತಮ್ಮನ ಬಗ್ಗೆ ಅವರು ಆಡಿದ ಒಳ್ಳೆಯ ಮಾತುಗಳೆಲ್ಲ ಅವನ ಕಿವಿಗೆ ಬರಿ ದನಿಗಳಾಗಿದ್ದವು. ಒಂದು ಗೊಗ್ಗರು, ಒಂದು ಕೀರಲು, ಒಂದು ಮೈಕನ್ನೇ ನುಂಗುವಂಥದ್ದು.

ಬ್ಯಾನರ್ ಇಳಿದವು. ಕೆಲವು ವಾರ ತಣ್ಣಗೆ ಕಳೆದವು. ಆಮೇಲೊಂದು ಮಧ್ಯಾಹ್ನ ಕೆಳಗಿನ ಬೀದಿಯಲ್ಲಿ ಸುದ್ದಿ ಹಬ್ಬಿತು: ಕಲ್ಲು ಹೊಡೆದವನು ಮೇಲಿನ ಬೀದಿಯ ವೆಲ್ಡರ್ ಅಂತೆ, ಕುಡಿದ ಮತ್ತಿನಲ್ಲಿ ತಾನೇ ಬಾಯಿಬಿಟ್ಟನಂತೆ. ನೋಡನೋಡುತ್ತ ಗುಂಪು ಸೇರಿತು, ಕೈಗೆ ರಾಡು ಬಂದವು.

ಮೀಸೆಯ ಕಡೆಯವರು ವ್ಯಾನುಗಳನ್ನು ರಸ್ತೆಗೆ ಅಡ್ಡ ನಿಲ್ಲಿಸಿದರು. ವ್ಯಾನುಗಳ ಮುಂದೆ ಹೆಂಗಸರು ಕೈಕೈ ಹಿಡಿದು ನಿಂತರು. ಆಚೆ ಕಡೆ ಕೋಚ್ ತನ್ನ ಹುಡುಗರನ್ನು ಕಟ್ಟಿಕೊಂಡು ಮೇಲಿನ ಬೀದಿಯವರನ್ನು ತಡೆದ. ಆ ಗದ್ದಲದಲ್ಲಿ ಯಾರ ಮಾತು ಯಾರಿಗೆ ಕೇಳೀತು? ಟೀಚರಮ್ಮ ಫೋನ್ ಮಾಡಿದರು. "ಮೈಕ್ ತಗೊಂಡು ಬಾಪ್ಪ, ಬೇಗ!"

ಮೈಕಣ್ಣ ಬ್ಯಾಟರಿ, ಆಂಪ್ಲಿಫೈಯರ್, ಹಾರ್ನ್ ಎಲ್ಲವನ್ನೂ ತಳ್ಳುಗಾಡಿಗೆ ಹೇರಿಕೊಂಡು ಬಂದ. ಸೇಡು ತೀರಿಸಿಕೊಳ್ಳಲು ಅಣ್ಣನೇ ಬಂದನೆಂದುಕೊಂಡು ಗುಂಪು ಕೇಕೆ ಹಾಕಿ ದಾರಿ ಬಿಟ್ಟಿತು. ಅವನು ವೈರು ಜೋಡಿಸಿ ಟೀಚರಮ್ಮನ ಕೈಗೆ ಮೈಕ್ ಕೊಟ್ಟ. ಕೂಗಿ ಕೂಗಿ ಅವರ ಗಂಟಲು ಕಟ್ಟಿಹೋಗಿತ್ತು. ಅವರು ಮೈಕನ್ನು ಅವನಿಗೇ ವಾಪಸ್ ಕೊಟ್ಟರು.

"ಹಲೋ," ಎಂದ ಮೈಕಣ್ಣ, ಅಭ್ಯಾಸಬಲದಿಂದ. "ಹಲೋ. ಕಲ್ಲು ಹೊಡ್ದೋರು ಯಾರು ಅಂತ ನಂಗೆ ಗೊತ್ತಿಲ್ಲ. ನಿಮ್ಮಲ್ಲಿ ಕಣ್ಣಾರೆ ನೋಡ್ದೋರು ಇದ್ರೆ ಬಂದು ಇದ್ರಲ್ಲಿ ಹೇಳಿ."

ಯಾರೂ ಬರಲಿಲ್ಲ. ಎಲ್ಲರಿಗಿಂತ ಮುಂದೆ ರಾಡು ಹಿಡಿದು ನಿಂತಿದ್ದವನ ಹತ್ತಿರ ತಾನೇ ಹೋಗಿ ಮೈಕ್ ಚಾಚಿದ.

"ನೀನು ನೋಡಿದ್ಯಾ?"

"ಇಲ್ಲಣ್ಣ... ಅವನೇ ಅಂತೆ..."

ಆ 'ಅಂತೆ' ಹಾರ್ನಿನಿಂದ ಹೊರಬಿದ್ದು ಇಡೀ ಮಾರುಕಟ್ಟೆಗೆ ಕೇಳಿಸಿತು. ಹೇಳಿದವನೇ ಬೆಚ್ಚಿದ.

"ಯಾರು ಹೇಳಿದ್ದು?"

"ಇವ್ನು." ಪಕ್ಕದವನ ಕಡೆ ಬೆರಳು ಹೋಯಿತು.

ಮೈಕ್ ಪಕ್ಕದವನ ಬಾಯಿಗೆ ಬಂತು. "ನಂಗೆ ಫೋನಲ್ಲಿ ಬಂತಣ್ಣ. ಯಾರೋ ಕಳ್ಸಿದ್ರು. ಹಂಗಂತೆ ಅಂತ."

ವ್ಯಾನಿನ ಹತ್ತಿರ ಯಾರೋ ಕಿಸಕ್ಕೆಂದರು. ಮೈಕಣ್ಣ ಮೂರನೆಯವನ ಕಡೆ ತಿರುಗಿದ; ಅವನು ರಾಡನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಮಹಿಳಾ ಸಂಘದ ದರ್ಜಿ ಹೆಂಗಸೊಬ್ಬಳು ಮುಂದೆ ಬಂದು, ಮಗುವಿನ ಕೈಯಿಂದ ಚಾಕು ಇಸಿದುಕೊಳ್ಳುವ ಹಾಗೆ, ಅದನ್ನು ಇಸಿದುಕೊಂಡಳು. ಆಮೇಲೆ ಉಳಿದ ಹೆಂಗಸರೂ ಕೈ ಚಾಚಿದರು. ಕೆಲವರು ಕೊಟ್ಟರು, ಕೆಲವರು ಗೊಣಗುತ್ತ ಮನೆ ಕಡೆ ನಡೆದರು. ಗುಂಪು ಕರಗಿತು.

ಜನ ಬಂದು ಮೈಕಣ್ಣನ ಕೈ ಹಿಡಿದುಕೊಂಡರು. ಎಂಥ ದೊಡ್ಡ ಮನಸ್ಸು, ಎಂಥ ಕ್ಷಮೆ ಎಂದರು. ಅವನು ವೈರು ಸುತ್ತಿಕೊಂಡ. ಕ್ಷಮೆಯೆಂಬುದು ತನ್ನ ಒಳಗೆ ಎಲ್ಲಾದರೂ ಇದೆಯೇ ಎಂದು ಹುಡುಕಿದ. ಸಿಟ್ಟೂ ಸಿಗಲಿಲ್ಲ, ಅದೂ ಸಿಗಲಿಲ್ಲ.

ಸಂಜೆ ಆ ವೆಲ್ಡರ್ ಮೈಕಣ್ಣನ ಅಂಗಡಿಗೆ ಬಂದ.

"ಅಣ್ಣ, ನನ್ನ ಮಕ್ಕಳಾಣೆ, ಅದು ನಾನಲ್ಲ."

"ನಂಗೆ ಗೊತ್ತಿಲ್ಲ," ಎಂದ ಮೈಕಣ್ಣ. "ನೀನು ಅಂತಾನೂ ಗೊತ್ತಿಲ್ಲ, ಅಲ್ಲ ಅಂತಾನೂ ಗೊತ್ತಿಲ್ಲ."

ವೆಲ್ಡರ್ ಸ್ಟೂಲಿನ ಮೇಲೆ ಕುಸಿದು ಕೂತ.

"ಆದ್ರೆ ನಿನ್ನ ಹೊಡಿಯೋಕೆ ಬಂದ್ರೆ ನಾಳೇನೂ ಮೈಕ್ ತರ್ತೀನಿ."

ವೆಲ್ಡರ್ ಬಹಳ ಹೊತ್ತು ಅಲ್ಲೇ ಕೂತಿದ್ದು ಎದ್ದು ಹೋದ.

ಮುಂದಿನ ಸಭೆಯ ದಿನ ಟೀಚರಮ್ಮ ಮೈಕಣ್ಣನನ್ನು ಬಾಗಿಲಲ್ಲೇ ನಿಲ್ಲಿಸಿದರು. "ನಿಜ ಹೇಳು, ಹೇಗಿದ್ದೀಯ?"

"ಏನೂ ಅನ್ನಿಸ್ತಿಲ್ಲ ಟೀಚರ್. ಅವತ್ತೂ ಏನೂ ಅನ್ನಿಸ್ಲಿಲ್ಲ. ಜನ ಏನೇನೋ ಅಂತಾರೆ, ನಂಗೆ ನಾಚ್ಕೆ ಆಗುತ್ತೆ."

"ಅನ್ನಿಸ್ಲೇಬೇಕು ಅಂತ ಕಾನೂನೇನಿಲ್ಲಪ್ಪ. ಬಂದು ಕೂತ್ಕೊ, ಸಾಕು."

ಅವತ್ತು ಹಾಲಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ವೆಲ್ಡರ್ ಕಿಟಕಿಯ ಪಕ್ಕ ಇದ್ದ. ಚರ್ಚೆ ನಡೆದದ್ದು ಮಾರುಕಟ್ಟೆಯ ಬೀದಿದೀಪದ ಬಗ್ಗೆ. ಎರಡೂ ಬೀದಿಯವರು ಒಟ್ಟಿಗೆ ಅರ್ಜಿ ಕೊಡುವುದೋ ಬೇರೆಬೇರೆ ಕೊಡುವುದೋ ಎಂದು ಮೀಸೆ ಗಂಟಲು ಹರಿದುಕೊಳ್ಳುತ್ತಿದ್ದ. ಒಟ್ಟಿಗೆ ಎನ್ನುವವರು ಕೈ ಎತ್ತಿ ಎಂದಾಗ ಮೈಕಣ್ಣನೂ ಎತ್ತಿದ.